ಟೀಚರ್ ಸವರಿದ ಬಿಳಿ ಪುಡಿ

ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ಬಟ್ಟೆ ನೆನೆಹಾಕುತ್ತಿದ್ದಾಗ ಪಕ್ಕದ ಮನೆಯ ಟೀಚರ್ ಕರೆದರು. ಆಗ ನಾವು ಉಪ್ಪಳದಲ್ಲಿದ್ದೆವು. ಅವರು ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು. ಹಾಲು ಬಂದರೂ ಅದಕ್ಕೊಂದು ಹನಿ ಅಯೋಡಿನ್ ಬಿಟ್ಟು, ಹಿಟ್ಟು ಬೆರೆಸಿದ್ದರೆ ನೀಲಿಯಾಗಲಿ ಎಂದು ಕಾಯುವರು. ಕನ್ನಡಕವನ್ನು ಹಣೆಗೇರಿಸಿ "ನೋಡುವ, ನೋಡುವ" ಎನ್ನುವರು.

ಅವರ ಡಬ್ಬಿಯ ಗೇರುಬೀಜ ದಿನಾ ಇಳಿಯುತ್ತಿತ್ತಂತೆ. ನಮ್ಮಿಬ್ಬರ ಮನೆಗೂ ಕೆಲಸಕ್ಕೆ ಬರುವ ಹೆಂಗಸಿನ ಮೇಲೆ ಅವರಿಗೆ ಸಂಶಯ. ಬೆಳಿಗ್ಗೆಯೇ ಡಬ್ಬಿಗೆ ಫಿನಾಲ್ಫ್ತಲೀನ್ ಎಂಬ ಬಿಳಿ ಪುಡಿ ಸವರಿಟ್ಟಿದ್ದರು. ಅದು ಸೋಪಿನ ನೀರಿಗೆ ಗುಲಾಬಿಯಾಗುತ್ತದೆ.

ನಾನು ಹೋದಾಗ ಟೀಚರ್ ಅವಳ ಮುಂದೆ ಸೋಪಿನ ನೀರಿನ ಬೋಗುಣಿ ಇಟ್ಟಿದ್ದರು. ಅವಳು ಅದರಲ್ಲಿ ಕೈ ಅದ್ದಿದಳು. ಬೆರಳು ಗುಲಾಬಿಯಾಯಿತು.

"ಇನ್ನೆಂತ ಹೇಳುವುದುಂಟು? ನಾಳೆಯಿಂದ ಬರುವುದು ಬೇಡ."

"ನಾನು ಒರೆಸಿದ್ದು ಟೀಚರ್, ಮುಚ್ಚಳ ತೆಗೆಯಲೇ ಇಲ್ಲ."

ನಾನು ಕಪಾಟು ತೆರೆದು, ಡಬ್ಬಿಯನ್ನು ಬಟ್ಟೆಯಿಂದ ಒರೆಸಿಟ್ಟು, ಅದೇ ನೀರಿಗೆ ಕೈ ಹಾಕಿದೆ. ನನ್ನದೂ ಗುಲಾಬಿ.

ಟೀಚರ್ ಕನ್ನಡಕವನ್ನು ಹಣೆಗೇರಿಸಿ ಬೋಗುಣಿಯನ್ನು ನೋಡಿ, "ಆಯ್ತು, ನೀನು ಪಾತ್ರೆ ತೊಳೆ" ಎಂದು ಅವಳನ್ನು ಒಳಗೆ ಕಳಿಸಿದರು.

ಸಂಜೆ ಅವರು ಗಿಡಗಳಿಗೆ ನೀರು ಬಿಡುತ್ತಾ, ನನ್ನತ್ತ ತಿರುಗದೆಯೇ ಕೇಳಿದರು: "ಅಲ್ಲ, ಡಬ್ಬಿ ಆ ಕಪಾಟಿನಲ್ಲಿರುವುದು ನಿಮಗೆ ಹೇಗೆ ಗೊತ್ತು?"