ಭಾವನ ತೊಟ್ಟಿಗೆ ಹೋದ ಎರಡು ಆಸ್ಕರ್ ಮೀನು

ಮೀನಿನ ಹಣೆ ಉಬ್ಬಿದಷ್ಟೂ ತೊಗರಿ ವ್ಯಾಪಾರ ಉಬ್ಬುತ್ತದೆ ಎಂದು ಭಾಲ್ಕಿಯ ನಮ್ಮ ಭಾವನಿಗೆ ವಾಸ್ತು ನೋಡುವವನೊಬ್ಬ ಹೇಳಿದ್ದ. ಅಕ್ಕನ ಗಂಡನಾದ ಈ ಮಹಾಶಯರು ಅದನ್ನು ನಂಬಿಬಿಟ್ಟರು. ಶರಣರ ಜಯಂತಿಗಳಲ್ಲಿ ವೇದಿಕೆ ಹತ್ತಿ, ಮುಹೂರ್ತ ನೋಡುವವನು ಶರಣನೇ ಅಲ್ಲ ಎಂದು ಮೈಕು ಹರಿಯುವಂತೆ ಭಾಷಣ ಬಿಗಿಯುವವರು ಇವರೇ. ಮನೆಗೆ ಬಂದು ನೋಡಿದರೆ ಪಡಸಾಲೆಯ ಈಶಾನ್ಯ ಮೂಲೆಯಲ್ಲಿ ಐದಡಿ ಉದ್ದದ ಗಾಜಿನ ತೊಟ್ಟಿ, ಅದರೊಳಗೆ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ ಹೊತ್ತ ಒಂದು ಫ್ಲವರ್‌ಹಾರ್ನ್ ಮೀನು. ತೊಟ್ಟಿಯ ನಡುವೆ ವಾಸ್ತುವಿನವನೇ ಪೂಜೆ ಮಾಡಿ ಇಳಿಸಿದ ಕೆಂಪು ಕಲ್ಲು. ಆ ಮೀನು ಕಲ್ಲಿನ ಸುತ್ತ ಸುತ್ತುತ್ತ, ಗಾಜಿನಾಚೆ ಬಂದವರನ್ನೆಲ್ಲ ಗುರಾಯಿಸುತ್ತಿತ್ತು. ಭಾವನೂ ಅಂಗಡಿಯ ಗಾದಿಯ ಮೇಲೆ ಕೂತು ರೈತರನ್ನು ಹಾಗೆಯೇ ನೋಡುತ್ತಾರೆ.

ಬೀದರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನ ಮನೆಯಲ್ಲಿ ಎರಡು ಆಸ್ಕರ್ ಮೀನುಗಳಿದ್ದವು. ಹೆಬ್ಬೆರಳಿನಷ್ಟಿದ್ದಾಗ ತಂದು ಐದು ವರ್ಷ ಸಾಕಿದ್ದೆ. ಒಂದು ಅಂಗೈಗಿಂತ ದೊಡ್ಡದು, ಇನ್ನೊಂದು ತುಸು ಸಣ್ಣದು. ಔರಾದಿಗೆ ವರ್ಗವಾದಾಗ ಅಲ್ಲಿನ ಬಾಡಿಗೆ ಮನೆಯ ಒಡತಿ ಮೀನೆಂಬ ಶಬ್ದ ಕೇಳಿದ್ದೇ ಮೂಗಿಗೆ ಸೆರಗು ಒತ್ತಿಕೊಂಡರು. ತಿನ್ನಲಿಕ್ಕಲ್ಲ ತಾಯಿ, ಸಾಕಲಿಕ್ಕೆ ಎಂದು ಎಷ್ಟು ಹೇಳಿದರೂ ಸೆರಗು ಇಳಿಯಲಿಲ್ಲ. ಅದೇ ಹೊತ್ತಿಗೆ ಭಾವನ ಫೋನು ಬಂತು. ಒಂಟಿ ಮೀನು ಶುಭವಲ್ಲ, ಮೂರಾಗಬೇಕು ಎಂದು ವಾಸ್ತುವಿನವನು ಹೊಸದಾಗಿ ಕಂಡುಹಿಡಿದಿದ್ದನಂತೆ. ಅಷ್ಟು ದೊಡ್ಡ ಮೀನುಗಳಿಗೆ ಜಾಗವಿರುವ ತೊಟ್ಟಿ ನನಗೆ ಗೊತ್ತಿದ್ದವರ ಪೈಕಿ ಭಾವನದು ಮಾತ್ರ. ಅವು ಬದುಕಬೇಕಿದ್ದರೆ ಅಲ್ಲಿಯೇ ಬದುಕಬೇಕಿತ್ತು.

ಫ್ಲವರ್‌ಹಾರ್ನ್‌ನಂಥ ಮೀನಿಗೆ ತಾನಿರುವ ತೊಟ್ಟಿಯೆಲ್ಲ ತನ್ನದೇ ಜಹಗೀರು. ಹೊಸಬರು ಬಂದರೆ ಕೊಂದೇ ಬಿಡುತ್ತದೆ. ಅದಕ್ಕೇ ನಾನು ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೆ. ಮೊದಲು ಕಲ್ಲಿನ ಜಾಗ ಬದಲಿಸಬೇಕು, ಆಗ ಹಳೆಯದಕ್ಕೆ ತನ್ನ ಠಾವು ಗುರುತು ಸಿಗುವುದಿಲ್ಲ. ನಡುವೆ ಒಂದು ಗಾಜು ಇಳಿಸಿ ಹದಿನೈದು ದಿನ ಬರೀ ಮುಖ ನೋಡಿಕೊಂಡಿರಲು ಬಿಡಬೇಕು. ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ನಾನು ಮೀನು ತರುವ ಡ್ರಮ್ಮಿಗೆ ಹಾಕಿ ರೂಢಿ ಮಾಡಿಸಬೇಕು. ಭಾವ ಎಲ್ಲದಕ್ಕೂ ಆಗಲಿ ಎಂದರು. ಅವರ ಮಾತಿನ ಮೇಲೆ ಭರವಸೆಯಿಲ್ಲದೆ ಗಾಜನ್ನು ನಾನೇ ಅಳತೆಗೆ ಕತ್ತರಿಸಿಕೊಂಡು, ಡ್ರಮ್ಮಿಗೆ ಬ್ಯಾಟರಿಯ ಗಾಳಿ ಯಂತ್ರ ಹಚ್ಚಿಕೊಂಡು ಬೀದರಿನಲ್ಲಿ ರೈಲು ಹತ್ತಿದೆ. ಡಬ್ಬಿಯಲ್ಲಿದ್ದವರು ದಾರಿಯುದ್ದಕ್ಕೂ ಡ್ರಮ್ಮಿನೊಳಗೆ ಇಣುಕಿ, ಕಿಲೋಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳುತ್ತಿದ್ದರು.

ರೈಲು ತಡವಾಗಿ ಮುಟ್ಟಿತು. ಭಾವನ ಬಾಗಿಲಲ್ಲಿ ರಂಗೋಲಿ ಬಿಡಿಸಿತ್ತು. ಅಕ್ಕನೂ ಸೇರಿ ನಾಲ್ಕು ಜನ ಹೆಂಗಸರು ಡ್ರಮ್ಮಿಗೆ ಕುಂಕುಮ ಹಚ್ಚಿ ಆರತಿ ಎತ್ತಿದರು. ಸೊಸೆ ತರುವ ಸಂಭ್ರಮ, ಬುದ್ಧಿ ಮಾತ್ರ ಯಾರಿಗೂ ಇರಲಿಲ್ಲ. ಭಾವ ಕೈಗಡಿಯಾರ ನೋಡಿ, ಗಳಿಗೆ ಮುಗಿಯಲು ಐದು ನಿಮಿಷ ಉಳಿದಿದೆ ಎಂದು ಅವಸರ ಮಾಡಿದರು. ಕಲ್ಲು ಸರಿಸೋಣ ಎಂದೆ. ಪೂಜೆಯಾದ ಕಲ್ಲು ಮುಟ್ಟಬಾರದಂತೆ. ಹೋಗಲಿ ಎಂದು ಗಾಜು ಮುಂದೆ ಹಿಡಿದೆ. ಅವರು ಕೈಯಿಂದಲೇ ತಡೆದರು.

"ಒಂದೇ ಮನ್ಯಾಗ ನಡಬರಕ ಗ್ವಾಡಿ ಹಾಕ್ತಾರೇನ್ರಿ ಮಾಸ್ತರ್? ಮನಿ ಒಡಿತದ."

ಹೀಗೆಂದವರು ತಮ್ಮ ಅಂಗಳದ ನಟ್ಟನಡುವೆ ಎಂಟಡಿ ಗೋಡೆ ಎಬ್ಬಿಸಿ, ಒಡಹುಟ್ಟಿದ ತಮ್ಮ ಇಣುಕಬಾರದೆಂದು ಅದರ ತಲೆಯ ಮೇಲೆ ಗಾಜಿನ ಚೂರು ನೆಟ್ಟವರು. ಆ ಗೋಡೆ ಕಿಟಕಿಯಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ನಾಲಿಗೆಯ ತುದಿಗೆ ಮಾತು ಬಂದಿತ್ತು. ಭಾವನಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮಾತು ನುಂಗಿದೆ. ಭಾವ ಡ್ರಮ್ಮು ಎತ್ತಿ ಸುರಿದರು. ಫ್ಲವರ್‌ಹಾರ್ನ್ ಕಲ್ಲಿನ ಹಿಂದೆ ಸರಿದು ಸುಮ್ಮನಾಯಿತು. ಹೇಗೆ ಹೊಂದಿಕೊಂಡವು ನೋಡಿ ಎಂದು ಎಲ್ಲರೂ ಖುಷಿಪಟ್ಟರು. ಅದು ಹೊಂದಿಕೊಂಡಿರಲಿಲ್ಲ, ಹೊಂಚುಹಾಕುತ್ತಿತ್ತು. ಅದು ನನಗೊಬ್ಬನಿಗೇ ಗೊತ್ತಿತ್ತು.

ಊಟಕ್ಕೆ ಒಳಕೋಣೆಯಲ್ಲಿ ಕೂರಿಸಿದರು. ಹೋಳಿಗೆಯ ಮೇಲೆ ಅಕ್ಕ ತುಪ್ಪ ಹಾಕುತ್ತಿದ್ದಾಗ ಪಡಸಾಲೆಯಿಂದ ಸದ್ದು ಬಂತು. ನೀರು ಮುಚ್ಚಳಕ್ಕೆ ಅಪ್ಪಳಿಸುತ್ತಿತ್ತು. ಅಕ್ಕ ತುಪ್ಪದ ಗಿಂಡಿ ಇಟ್ಟು ಹಿತ್ತಲ ಕಡೆ ಹೋದಳು. ನಾನು ಅರ್ಧ ಎದ್ದೆ.

"ಕೂಡ್ರಿ ಮಾಸ್ತರ್, ಉಣ್ಣೋ ತಾಟ ಬಿಟ್ಟು ಏಳಬಾರದು. ಮೀನ ಅವ, ಆಡ್ತಾವ," ಎಂದರು ಭಾವ.

ನಾನು ಕೂತೆ. ಸದ್ದು ಮತ್ತೆ ಬಂತು, ಮತ್ತೆ ಬಂತು. ಹೋಳಿಗೆ ಮುರಿದು ಹಾಲಿನಲ್ಲಿ ಅದ್ದಿದೆ, ತಿಂದೆ. ಆಮೇಲೆ ಅನ್ನ ತಿಂದೆ, ಮಜ್ಜಿಗೆ ಕುಡಿದೆ. ಸದ್ದು ನಿಂತ ಮೇಲೆ ಕೈ ತೊಳೆದು ಹೊರಬಂದೆ. ಸಣ್ಣದು ಕಲ್ಲಿನ ಬುಡದಲ್ಲಿ ಮಗ್ಗುಲಾಗಿ ಬಿದ್ದಿತ್ತು, ಒಂದು ಕಣ್ಣೇ ಇರಲಿಲ್ಲ. ದೊಡ್ಡದು ರೆಕ್ಕೆಯೆಲ್ಲ ಹರಿದು ಮೂಲೆಯಲ್ಲಿ ತಲೆಕೆಳಗಾಗಿ ತೇಲುತ್ತಿತ್ತು, ಸಂಜೆಯೊಳಗೆ ಅದೂ ಹೋಯಿತು. ಭಾವ ಹಲ್ಲಿಗೆ ಕಡ್ಡಿ ಹಾಕುತ್ತ ಬಂದು ನೋಡಿ, ನನ್ನ ಮೀನುಗಳಿಗೆ ಹೊಂದಿಕೊಂಡು ಹೋಗುವ ಗುಣವೇ ಇಲ್ಲವೆಂದು ತೀರ್ಪು ಕೊಟ್ಟರು. ಅದಕ್ಕೂ ನಾನು ಹೌದ್ರಿ ಎಂದೆ.

ಹೊರಡುವಾಗ ಅಕ್ಕ ಬಾಗಿಲ ತನಕ ಬಂದಳು. ಮೂವತ್ತು ವರ್ಷ ಆ ಮನೆಯಲ್ಲಿ ಗಂಡನ ಮಾತಿಗೆ ತಲೆಯಾಡಿಸಿಕೊಂಡು ಬಂದವಳು, ಆರತಿ ಎತ್ತಿದವಳು. ಅವಳಿಗೇನು ಗೊತ್ತಾದೀತು ಎಂದು ನಾನು ಅವಳನ್ನೂ ಆ ಗುಂಪಿಗೇ ಸೇರಿಸಿದ್ದೆ. ಅವಳು ಮೆಲ್ಲಗೆ ಹೇಳಿದಳು:

"ಸಪ್ಪಳ ಕೇಳಿದ ಕೂಡ್ಲೇ ನಾ ಹಿತ್ತಲದಾಗ ಟಬ್ಬಿಗಿ ನೀರ ತುಂಬಿ, ಮೀನ ಹಿಡಿಲಿಕ್ಕ ಜಾಳಗಿ ತಂದು ಇಟ್ಟಿದ್ನಿ. ನೀ ಏಳ್ತಿ ಅಂತ ಹಾದಿ ನೋಡ್ದೆ. ನೀ ಎದ್ದಿದ್ರ ಅವರು ನನಗೇನೂ ಅಂತಿದ್ದಿಲ್ಲ."

ಆಟೊದವನು ಎರಡು ಸಲ ಹಾರ್ನ್ ಹೊಡೆದ ಮೇಲೆ ಹೋಗಿ ಕೂತೆ.