ಬೇವಿನ ಕಷಾಯದ ಕ್ಯಾನು

ಜಮಖಂಡಿಯ ದಂತವೈದ್ಯೆ ನನ್ನ ದವಡೆ ಹಲ್ಲಿನ ಬೇರಿನೊಳಗೆ ಸಿರಿಂಜಿನಿಂದ ಔಷಧ ಬಿಟ್ಟಾಗ ಬಂದ ವಾಸನೆಗೆ ನಾನು ಕುರ್ಚಿಯಲ್ಲೇ ಬೆಚ್ಚಿಬಿದ್ದೆ. ಬನಹಟ್ಟಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನೂಲು ಬೆಳ್ಳಗೆ ಮಾಡುವ ಬ್ಲೀಚಿನದೇ ವಾಸನೆ ಅದು!

"ನೂಲು ತೊಳಿಯೂದನ್ನ ನನ್ನ ಬಾಯಾಗ ಹಾಕ್ತೀರೇನ್ರೀ?" ಎಂದು ರೇಗಿದೆ.

"ಹೌದ್ರೀ, ಅದ ಔಷಧ. ಆದ್ರ ತೆಳ್ಳಗ ಮಾಡಿದ್ದು. ಬೇರು ಸ್ವಚ್ಛ ಆಗಾಕ ಇದ ಬೇಕು. ಇದರ ಬದ್ಲಿ ಬೇವಿನ ರಸ ನಡೀತೈತೇನಂತ ಇನ್ನೂ ಪರೀಕ್ಷಾ ನಡದಾವು," ಎಂದರು ಆಕೆ.

ಬೇವು ಅನ್ನುವುದೊಂದೇ ನನ್ನ ಕಿವಿಗೆ ಬಿತ್ತು. ಮನೆಗೆ ಬಂದು ಹೇಳಿದ್ದೇ ತಡ, ಅವ್ವ "ಹಲ್ಲಿಗೆ ವಿಷಾ ಹಾಕ್ತಾಳಂತ, ವಿಷಾ!" ಎಂದು ಬಯ್ಯುತ್ತ ಬೇವಿನ ಎಲೆ ಕುದಿಸಿ, ಸೋಸಿ, ಒಂದು ಕ್ಯಾನಿಗೆ ತುಂಬಿ ಕೊಟ್ಟಳು. ಮುಂದಿನ ಸಲ ಅದನ್ನು ವೈದ್ಯೆಯ ಮುಂದೆ ಗತ್ತಿನಿಂದ ಇಟ್ಟೆ.

ಆಕೆ ಮುಚ್ಚಳ ತೆಗೆದು ಮೂಸಿ, ಕ್ಯಾನನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಅಕ್ಕಾರ, ಇದರಾಗೂ ಅದ ವಾಸನಿ ಐತಲ್ರೀ?"

ನಾನು ಕ್ಯಾನು ಇಸಿದುಕೊಂಡು ತಿರುಗಿಸಿ ನೋಡಿದೆ. ಅದು ಶೆಡ್ಡಿನಲ್ಲಿ ಬ್ಲೀಚ್ ಖಾಲಿಯಾದ ಕ್ಯಾನು. ನಮ್ಮಲ್ಲಿ ಅಂಥ ಕ್ಯಾನನ್ನು ಯಾರೂ ಎಸೆಯುವುದಿಲ್ಲ. ತೊಳೆದು ಅಡುಗೆಮನೆಗೆ ಒಯ್ಯುತ್ತಾರೆ.

ಅವತ್ತು ಬೆಳಿಗ್ಗೆ ನಾನು ಮಜ್ಜಿಗೆ ಕುಡಿದು ಬಂದದ್ದೂ ಅಂಥದೇ ಕ್ಯಾನಿನಿಂದ.