ಹತ್ತಕ್ಕೆ ಹತ್ತು ಕೊಟ್ಟ ಕಾರು

ಹೊಸ ಕಾರು ಮೊದಲ ಸಲ ನಿಂತದ್ದು ಮೇಲ್ಸೇತುವೆಯ ಏರಿನಲ್ಲಿ. ಅದು ಮನೆಗೆ ಬಂದು ಮೂರು ವಾರವೂ ಆಗಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಅತ್ತೆ ಇನ್ನೂ ತೆಗೆಯಗೊಟ್ಟಿರಲಿಲ್ಲ. ಅವರ ಮೊಣಕಾಲಿನ ಚಿಕಿತ್ಸೆಗೆಂದು ಸಿಕಂದರಾಬಾದಿಗೆ ಹೊರಟಿದ್ದೆವು. ಎಂಜಿನ್ ಇದ್ದಕ್ಕಿದ್ದಂತೆ ಸದ್ದಡಗಿತು. ಸ್ಟೇರಿಂಗ್ ಕಲ್ಲಿನಂತೆ ಬಿಗಿಯಿತು. ಕಾರು ಗೇಣುದ್ದ ಹಿಂದಕ್ಕೆ ಜಾರಿತು. ಕನ್ನಡಿಯಲ್ಲಿ ಲಾರಿಯ ಮೂತಿ, ಅದರ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ಒಂದೊಂದೂ ಎಣಿಸುವಷ್ಟು ಹತ್ತಿರ ಕಂಡವು. ಹ್ಯಾಂಡ್‌ಬ್ರೇಕ್ ಎಳೆದೆ.

"ಯಾಕ ನಿಂದ್ರಿಸಿದಿ? ಇಲ್ಲೆ ಸಿಗ್ನಲ್ಲೂ ಇಲ್ಲ," ಎಂದರು ಹಿಂದಿನಿಂದ ಅತ್ತೆ.

"ನಾ ನಿಂದ್ರಿಸಿಲ್ರಿ ಅತ್ತಿ. ತಾನ ನಿಂತೈತಿ."

ಸರ್ವಿಸ್ ಸೆಂಟರಿನಲ್ಲಿ ನಮ್ಮ ಕಾರಿನ ಹೊಣೆ ಹೊತ್ತವರು ನಲವತ್ತು ದಾಟಿದ, ಅರ್ಧ ನರೆತ ಕೂದಲಿನ ಒಬ್ಬ ಗೃಹಸ್ಥರು. ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿ, "ನಮ್ಮ ಕಡೆಯವ್ರೇನ್ರಿ ಅಕ್ಕಾರ? ನಮ್ದು ಬೀದರ್ ರೀ," ಎಂದರು. ಬೆಳಗಿನಿಂದ ಸಂಜೆಯವರೆಗೆ ತರಕಾರಿಯವನೊಡನೆ ಹಿಂದಿ, ಪಕ್ಕದ ಮನೆಯವರೊಡನೆ ತೆಲುಗು ಆಡುವ ನನಗೆ ಆ 'ಅಕ್ಕಾರ' ಒಂದೇ ಸಾಕಾಯಿತು.

ಸಂಜೆ ಕಾರು ಕೊಡುವಾಗ, "ಕಂಪ್ಯೂಟರ್ ಹಚ್ಚಿ ನೋಡೀವ್ರಿ. ಏನೂ ತಪ್ಪು ತೋರ್ಸವಲ್ದು," ಎಂದು ಒಂದು ತೆಳು ಹಾಳೆ ಮುಂದಿಟ್ಟರು. ಗ್ರಾಹಕರ ಅಭಿಪ್ರಾಯದ ಫಾರ್ಮು. "ಎಲ್ಲಾ ಡಬ್ಬಿಗೂ ಹತ್ತ ಹಾಕ್ರಿ ಅಕ್ಕಾರ. ಒಂಬತ್ತು ಬಂದ್ರೂ ಮ್ಯಾಲಿನವ್ರು ನನ್ನ ನಿಂದ್ರಿಸಿ ಬೈತಾರ."

ಹತ್ತು ಹಾಕಿದೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಅಂಟಿಸಿದ ಎರಡು ಅಭ್ಯಾಸಗಳು ಇಂದಿಗೂ ಬಿಟ್ಟಿಲ್ಲ: ಎದುರಿಗಿರುವವರ ಮುಖ ಸಣ್ಣದು ಮಾಡಬಾರದು, ಉತ್ತರಪತ್ರಿಕೆಯಲ್ಲಿ ಜಾಗ ಖಾಲಿ ಬಿಡಬಾರದು. ಹಾಳೆ ತಿರುವಿ, ಹಿಂಬದಿಯಲ್ಲಿ 'ಸಲಹೆ' ಎಂದು ಬಿಟ್ಟಿದ್ದ ಗೆರೆಗಳನ್ನೂ ನನ್ನ ಶಾಯಿ ಪೆನ್ನಿನಿಂದ ತುಂಬಿ ಕೊಟ್ಟೆ.

ಮಳೆಗಾಲ ಮುಗಿಯುವುದರೊಳಗೆ ಕಾರು ಇನ್ನೂ ಮೂರು ಸಲ ನಿಂತಿತು. ಪ್ರತಿ ಸಲವೂ ಅದೇ ಉತ್ತರ, ಅದೇ ಫಾರ್ಮು, ಅದೇ ಹತ್ತು.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆವು: ಕಾರು ತಯಾರಾದಾಗಿನಿಂದಲೇ ದೋಷವಿದೆ, ಬದಲಿಸಿಕೊಡಬೇಕು ಎಂದು. ಅಲ್ಲಿ ವಕೀಲರಿಲ್ಲದೆ ನಾವೇ ವಾದಿಸಬಹುದಂತೆ. ಕಾರು ನನ್ನ ಹೆಸರಿನಲ್ಲಿತ್ತು, ಆದ್ದರಿಂದ ನಿಲ್ಲಬೇಕಾದವಳು ನಾನೇ.

ಡೀಲರಿನ ಉತ್ತರ ಬಂದ ದಿನ ನನ್ನ ಗಂಡ ಪಟಾನ್‌ಚೆರು ಕಡೆಯ ಕಾರ್ಖಾನೆಯಿಂದ ಬಂದವರು ಬೂಟು ಕೂಡ ಬಿಚ್ಚದೆ ಅದನ್ನು ಓದಿದರು. ಜೊತೆಗೆ ನಾಲ್ಕೂ ಫಾರ್ಮುಗಳ ಜೆರಾಕ್ಸ್. 'ದೂರುದಾರರು ಪ್ರತಿ ಬಾರಿಯೂ ಪೂರ್ಣ ತೃಪ್ತಿ ವ್ಯಕ್ತಪಡಿಸಿದ್ದಾರೆ.'

"ನಾಕು ಸಲ ನಡುಹಾದ್ಯಾಗ ನಿಂತ ಗಾಡಿಗೆ ನಾಕು ಸಲ ಹತ್ತಕ್ಕ ಹತ್ತು! ಈಗ ಅಲ್ಲೆ ನಿಂತು ಏನ್ ಹೇಳ್ತಿ?"

"ಆ ಮನುಷ್ಯಾ ಭಾಳ ಕೇಳ್ಕೊಂಡ್ರಿ..."

"ಕಾರ್ ಕೆಟ್ಟೈತಿ ಅನ್ನಾಕ ಈಕಿಗೆ ಬಾಯಿ ಬರ್ಲಿಲ್ಲ," ಎಂದರು ಅತ್ತೆ. "ನನಗ ಸಕ್ರಿ ತಿನಬ್ಯಾಡ್ರಿ ಅನ್ನಾಕ ಮಾತ್ರ ಚಂದ ಬರ್ತೈತಿ."

ದೂರು ಬಿದ್ದುಹೋದರೆ ಅದೇ ಕಾರು, ಅದೇ ಸೇತುವೆ. ಮಾರಿಬಿಡೋಣವೆಂದರೆ, ಹಿಂದಿನ ಸೀಟಿನಲ್ಲಿ ಇನ್ಯಾರದೋ ಅತ್ತೆ ಕೂರುತ್ತಾರೆ. ಆ ವಾರ ನನಗೆ ಅನ್ನ ಸೇರಲಿಲ್ಲ.

ಒಂದು ಮಧ್ಯಾಹ್ನ ಆ ಜೆರಾಕ್ಸುಗಳನ್ನು ಮತ್ತೆ ಹರಡಿಕೊಂಡು ಕುಳಿತೆ. ಎಲ್ಲವೂ ಮುಂಬದಿಯವು, ಹಿಂಬದಿಯದು ಒಂದೂ ಇಲ್ಲ. ಆದರೆ ಡಬ್ಬಿಗಳ ನಡುವೆ ತೆಳುವಾಗಿ, ಇರುವೆ ಸಾಲಿನಂತೆ ಏನೋ ಕಲೆ. ನಾಲ್ಕರಲ್ಲೂ. ಬೀರುವಿನ ಕನ್ನಡಿಗೆ ಹಿಡಿದೆ. ಓರೆ ಅಕ್ಷರ, ನನ್ನದೇ. ತೆಳು ಕಾಗದದಲ್ಲಿ ಶಾಯಿ ಈಚೆಗೆ ಇಳಿದಿತ್ತು. ಒಂದೇ ಪದ ಪೂರ್ತಿ ಓದಲಾಯಿತು: ಇಂಗ್ಲಿಷಿನಲ್ಲಿ, 'ನಿಂತಿತು'. ಹಿಂಬದಿಯ ಗೆರೆಗಳನ್ನು ಪ್ರತಿ ಸಲವೂ ತುಂಬಿಕೊಟ್ಟದ್ದು ಆಗ ನೆನಪಾಯಿತು.

ಮುಂದಿನ ವಿಚಾರಣೆಯಲ್ಲಿ ಮೂಲ ಹಾಳೆಗಳನ್ನು ತರಿಸಬೇಕೆಂದು ಕೇಳಿಕೊಂಡೆ. ಡೀಲರಿನ ವಕೀಲರು, ಹಳೆಯ ಕಾಗದ, ಸಿಗುವುದು ಕಷ್ಟ ಎಂದರು. ಆಯೋಗದ ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿ, "ಜೆರಾಕ್ಸ್ ಮಾಡುವಾಗ ಸಿಕ್ಕಿತ್ತಲ್ಲ?" ಎಂದು ತೆಲುಗಿನಲ್ಲೇ ಕೇಳಿ ಇನ್ನೊಂದು ದಿನ ಕೊಟ್ಟರು.

ಆ ದಿನ ಫೈಲು ಹಿಡಿದು ಬಂದವರು ಬೀದರಿನ ಆ ಗೃಹಸ್ಥರೇ. ನನ್ನತ್ತ ನೋಡಲಿಲ್ಲ. ಅಂಗಿಯ ಮೇಲಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ನಾಲ್ಕೂ ಹಾಳೆ ಅದರಲ್ಲಿ ಇವೆಯೋ ಇಲ್ಲವೋ ಯಾರಿಗೆ ಗೊತ್ತು? ಅಧ್ಯಕ್ಷೆ ಮೊದಲ ಹಾಳೆ ನೋಡಿದರು. ಹತ್ತು, ಹತ್ತು, ಹತ್ತು. ತಿರುವಿದರು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಆಮೇಲೆ ಗಟ್ಟಿಯಾಗಿ ಓದಿದರು: 'ಸಿಬ್ಬಂದಿಯವರು ಬಹಳ ಸೌಜನ್ಯದವರು. ಆದರೆ ಕಾರು ಇಂದು ಸೇತುವೆಯ ಏರಿನಲ್ಲಿ ನಿಂತಿತು. ಕಾರಣ ತಿಳಿಸಿಲ್ಲ. ಹಿಂದೆ ವಯಸ್ಸಾದವರಿದ್ದರು. ದಯವಿಟ್ಟು ಗಮನಿಸಿ.'

ನಾಲ್ಕು ಹಾಳೆ, ನಾಲ್ಕು ತಾರೀಖು. ಒಂದರ ಹಿಂಬದಿಯೂ ಖಾಲಿಯಿರಲಿಲ್ಲ.

"ಅದು ಸಲಹೆಯ ಜಾಗ, ದೂರಿನದಲ್ಲ," ಎಂದರು ವಕೀಲರು. ಅಧ್ಯಕ್ಷೆ ಬರೆದುಕೊಳ್ಳುತ್ತಲೇ ಇದ್ದರು.

ಮೆಟ್ಟಿಲಲ್ಲಿ ಆ ಗೃಹಸ್ಥರು ಒಂದು ಕ್ಷಣ ನಿಂತರು. "ಫೈಲು ಕಳದೈತಿ ಅಂತ ಹೇಳು ಅಂದಿದ್ರು ರೀ ಮ್ಯಾಲಿನವ್ರು, ಅಕ್ಕಾರ."

"ಮತ್ತ ನಿಮಗ ತ್ರಾಸ ಆಗಲಿಕ್ಕಿಲ್ಲೇನ್ರಿ?"

"ಆಗ್ತೈತ್ರಿ," ಎಂದು ಇಳಿದು ಹೋದರು.

ಆಯೋಗ ಪರಿಣತರಿಂದ ಕಾರಿನ ತಪಾಸಣೆ ಮಾಡಿಸಿತು. ಕಾರು ಅವರ ಕೈಯಲ್ಲೂ ನಿಂತಿತು. ತಯಾರಿಕೆಯಲ್ಲೇ ದೋಷವಿದೆ, ಅದೇ ಮಾದರಿಯ ಹೊಸ ಕಾರು ಕೊಡಬೇಕು ಎಂದು ಆದೇಶವಾಯಿತು. ಅದನ್ನು ತರಲು ಹೋದಾಗ ಆ ಗೃಹಸ್ಥರ ಮೇಜಿನ ಹಿಂದೆ ಬೇರೊಬ್ಬರಿದ್ದರು. ಅವರು ಎಲ್ಲಿ ಎಂದು ಕೇಳಿದೆ. ಗೊತ್ತಿಲ್ಲ ಎಂದರು.

ಮರುವಾರ ಅತ್ತೆಯನ್ನು ಕೂರಿಸಿಕೊಂಡು ಅದೇ ಸೇತುವೆ ಹತ್ತಿದೆ. ಅತ್ತೆಯ ಕೈ ನನ್ನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು. ನೆತ್ತಿ ದಾಟಿ ಇಳಿಜಾರು ಕಂಡ ಮೇಲೆ ಆ ಹಿಡಿತ ಸಡಿಲಾಯಿತು.

"ಇನ್ನ ಆ ಪ್ಲಾಸ್ಟಿಕ್ ತಗೀ," ಎಂದರು. "ಕುಂತ್ರ ಬೆವರ್ತೈತಿ."